ಮಡಿ ಉಟ್ಟ ಎಡಿಟರ್

ಒಳಗೆ ಹೋಗುವುದು ಸುಲಭ, ಹೊರಗೆ ಬರುವುದೇ ಕಷ್ಟ ಎಂದು ಹೆಸರಾದ, ಫೈಲು ತಿದ್ದುವ ಸಾಫ್ಟ್‌ವೇರ್ ಒಂದಿದೆ. ಅದರ ಹೆಸರು ವಿಐ. ಅದರ ಸುಧಾರಿತ ರೂಪ ವಿಮ್. ಮೌಸ್ ಹಿಡಿದು ಬೆಳೆದ ಹುಡುಗರು ಇದನ್ನು ತಾವಾಗಿ ಹುಡುಕಿಕೊಂಡು ಹೋಗುವುದು ಕಡಿಮೆ. ದೂರದ ಸರ್ವರ್‌ಗೆ ಲಾಗಿನ್ ಆಗಿ ಯಾವುದೋ ಫೈಲಿನಲ್ಲಿ ಒಂದು ಸಾಲು ತಿದ್ದಬೇಕಾಗಿರುತ್ತದೆ. ಅಲ್ಲಿ ಮೆನು ಇಲ್ಲ, ಕ್ಲಿಕ್ ಮಾಡಲು ಬಟನ್ ಇಲ್ಲ. ಇಲ್ಲವೇ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಕಮಿಟ್ ಹೊಡೆದಾಗ ಹೇಳದೆ ಕೇಳದೆ ಕಪ್ಪು ಪರದೆಯೊಂದು ಎದುರು ಬಂದು ನಿಲ್ಲುತ್ತದೆ. ಮೇಲೆ ಒಂದಷ್ಟು ಸಾಲು, ಅದರ ಕೆಳಗೆ ಎಡ ಅಂಚಿನಲ್ಲಿ ಟಿಲ್ಡೆ (~) ಚಿಹ್ನೆಗಳ ಸಾಲು. ಉಳಿದದ್ದೆಲ್ಲ ಖಾಲಿ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿ ಹೊತ್ತಿನಲ್ಲಿ ಫೋನ್ ಮಾಡಿದ.

"ಮಾವ, ಸಿಸ್ಟಮ್ ಹ್ಯಾಂಗ್ ಆಗಿದೆ. ಏನು ಟೈಪ್ ಮಾಡಿದ್ರೂ ಬರೀ ಬೀಪ್ ಅಂತಿದೆ."

"ಹ್ಯಾಂಗೂ ಇಲ್ಲ ಗೀಂಗೂ ಇಲ್ಲ ಕಣೋ. ಅದು ಮಡಿಯಲ್ಲಿದೆ. ನೀನು ಹೋಗಿ ಮುಟ್ಟಿದ್ದೀಯ."

ತಮಾಷೆಗೆ ಹೇಳಿದ್ದಲ್ಲ. ನಮ್ಮಜ್ಜಿ ಮಡಿ ಉಟ್ಟಾಗ ಒಬ್ಬಳು, ಮಡಿ ಬಿಟ್ಟಾಗ ಇನ್ನೊಬ್ಬಳು. ಬೆಳಿಗ್ಗೆ ಅಡುಗೆಮನೆಯ ಹೊಸಿಲು ದಾಟಿದರೆ ರಾದ್ಧಾಂತ ಮಾಡುವವಳು, ಮಧ್ಯಾಹ್ನ ಊಟವಾದ ಮೇಲೆ ತಾನೇ ಕರೆದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ವಿಐ ತೆರೆದ ಕೂಡಲೇ ಮಡಿಯಲ್ಲಿರುತ್ತದೆ. ಆಗ ಕೀಲಿಮಣೆಯ ಅಕ್ಷರಗಳು ಅಕ್ಷರಗಳಲ್ಲ, ಆಜ್ಞೆಗಳು. 'ಐ' ಒತ್ತಿದಿರೋ, ಮಡಿ ಹೋಯಿತು. ಇನ್ನು ಬೇಕಾದ್ದು ಬರೆದುಕೊಳ್ಳಿ. ಮತ್ತೆ ಮಡಿಯಾಗಲು ಎಸ್ಕೇಪ್ ಕೀಲಿ, ಅದೇ ಸ್ನಾನ. ಮುಟ್ಟಿತೋ ಇಲ್ಲವೋ ಎಂಬ ಅನುಮಾನ ಬಂದರೆ ಅಜ್ಜಿ ಇನ್ನೆರಡು ತಂಬಿಗೆ ನೀರು ಹುಯ್ದುಕೊಳ್ಳುತ್ತಿದ್ದಳು. ವಿಐ ಬಳಸಿ ಪಳಗಿದವರೂ ಹಾಗೆಯೇ, ಬೇಕಿರಲಿ ಬಿಡಲಿ ಎಸ್ಕೇಪನ್ನು ಎರಡು ಸಲ ಕುಟ್ಟುತ್ತಾರೆ.

ಈ ಆಚಾರ ತಿಳಿಯದೆ ಬರೆಯ ಹೊರಟರೆ ಏನಾಗುತ್ತದೆ ನೋಡಿ. ವಿಮ್‌ನಲ್ಲಿ ಖಾಲಿ ಫೈಲೊಂದನ್ನು ತೆರೆದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮೈಸೂರು ಎಂದು ಹೊಡೆಯಿರಿ. 'ಎಮ್' ಎಂದರೆ ಇಲ್ಲೊಂದು ಗುರುತು ಹಾಕು ಎಂದು. 'ವೈ' ಆ ಗುರುತಿನ ಹೆಸರಾಗುತ್ತದೆ. 'ಎಸ್' ಎಂದರೆ ಇಲ್ಲಿರುವ ಅಕ್ಷರ ತೆಗೆದು ಬರೆಯಲು ಶುರು ಮಾಡು ಎಂದು. ಹೀಗೆ ಮೊದಲ ಮೂರೂ ಆಜ್ಞೆಗೇ ಖರ್ಚಾಗಿ ಕೊನೆಯ ಮೂರು ಮಾತ್ರ ಪರದೆಯ ಮೇಲೆ ಬೀಳುತ್ತವೆ. ಮೈಸೂರು ಹೋಗಿ ಬರೀ ಊರು ಉಳಿಯುತ್ತದೆ. ಬೆಂಗಳೂರಿನ ಗತಿ ಇನ್ನೂ ಕಷ್ಟ: ಒಂಬತ್ತು ಅಕ್ಷರಗಳಲ್ಲಿ ಒಂದೂ ಬೀಳುವುದಿಲ್ಲ. 'ಎ' ಒಂದಕ್ಕೆ ಬರೆಯುವ ಬಾಗಿಲು ತೆರೆಯುವ ಶಕ್ತಿಯಿತ್ತು. ಅದೂ ತನಗಿಂತ ಮುಂಚೆ ಬಂದ 'ಜಿ' ಜೊತೆ ಸೇರಿ ಬೇರೇನೋ ಆಗಿಬಿಡುತ್ತದೆ. ನಗರಾಭಿವೃದ್ಧಿಯ ಬಗ್ಗೆ ವಿಮ್‌ಗೆ ಯಾವ ಅಭಿಪ್ರಾಯವೂ ಇಲ್ಲ ಎಂದು ಬೆಂಗಳೂರಿಗರಿಗೆ ಸಮಾಧಾನ ಹೇಳಬಯಸುತ್ತೇನೆ.

ಇಷ್ಟೆಲ್ಲ ಮಡಿ ಯಾಕೆ ಎಂದರೆ, ಬಡತನ. 1976ರಲ್ಲಿ ವಿಐ ಬರೆದ ಬಿಲ್ ಜಾಯ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಮನೆಯಲ್ಲಿದ್ದದ್ದು 300 ಬಾಡ್‌ನ ಮೋಡೆಮ್. ಫೋನಿನ ತಂತಿಯ ಮೇಲೆ ಸೆಕೆಂಡಿಗೆ 30 ಅಕ್ಷರ ಬಂದರೆ ಪುಣ್ಯ. ಸಾಲಿಗೆ 80 ಅಕ್ಷರದಂತೆ 24 ಸಾಲಿನ ಪರದೆ ತುಂಬಲು ಒಂದು ನಿಮಿಷಕ್ಕೂ ಮಿಕ್ಕಿ ಕಾಯಬೇಕು. ಅಂಥ ಕಡೆ ಮೆನು ಬಿಡಿಸಿಕೊಂಡು ಕೂರಲಾಗುತ್ತದೆಯೇ? ಒಂದು ಸಾಲು ಅಳಿಸಲು 'ಡಿ' ಎರಡು ಸಲ, ಮಾಡಿದ್ದನ್ನು ರದ್ದು ಮಾಡಲು 'ಯು' ಒಂದು ಸಲ, ಅಷ್ಟೇ. ಕರ್ಸರ್ ಓಡಿಸಲು ಎಚ್, ಜೆ, ಕೆ, ಎಲ್ ಯಾಕೆ ಎಂದು ಕೇಳದ ಹೊಸಬರಿಲ್ಲ. ಜಾಯ್ ಬಳಸುತ್ತಿದ್ದ ಎಡಿಎಮ್-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳನ್ನು ಆ ನಾಲ್ಕು ಕೀಲಿಗಳ ಮೇಲೆಯೇ ಮುದ್ರಿಸಿದ್ದರು. ಎಸ್ಕೇಪ್ ಕೀಲಿಯೂ ಈಗ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿನ ಪಕ್ಕದಲ್ಲೇ ಇತ್ತು. ಆ ಟರ್ಮಿನಲ್ ಹೋಯಿತು, ಮೋಡೆಮ್ ಹೋಯಿತು, ಎಸ್ಕೇಪ್ ಮೂಲೆ ಸೇರಿತು. ಪದ್ಧತಿ ಮಾತ್ರ ಉಳಿಯಿತು.

ಉಳಿದದ್ದಕ್ಕೆ ಕಾರಣವೂ ಇದೆ. ಬರವಣಿಗೆಯಲ್ಲಿ ಬರೆಯುವುದಕ್ಕಿಂತ ತಿದ್ದುವುದೇ ಹೆಚ್ಚು. ಇದು ಗೊತ್ತಿದ್ದು ಮಾಡಿದ ಎಡಿಟರ್ ಇದೊಂದೇ ಎಂದು ನನಗೆ ಅನ್ನಿಸುತ್ತದೆ. ಹೀಗೆಂದರೆ ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರಿನ ಬಳಗದವರು ಜಗಳಕ್ಕೆ ಬರುತ್ತಾರೆ, ಬರಲಿ. ಇನ್ನು ನ್ಯಾನೊ ಎಂಬ ಸಾಧು ಎಡಿಟರ್ ಇದೆ. ಹೊರಗೆ ಹೋಗುವ ದಾರಿಯನ್ನು ಸದಾ ಪರದೆಯ ಅಡಿಯಲ್ಲೇ ಬರೆದಿಟ್ಟಿರುತ್ತದೆ. ಅದನ್ನು ಬಳಸುವವರು ನಾಚಿಕೊಳ್ಳುವ ಅಗತ್ಯ ಖಂಡಿತ ಇಲ್ಲ.

ವಿಮ್ ಕೂಡ ದಾರಿ ಹೇಳದೆ ಇರುವುದಿಲ್ಲ. ಫೈಲಿನ ಹೆಸರು ಕೊಡದೆ ತೆರೆದರೆ ಪರದೆಯ ನಡುವೆ ನಿರ್ಗಮನದ ಸೂಚನೆ ಕಾಣುತ್ತದೆ. ಜೊತೆಗೆ ಎಷ್ಟೋ ಸಲ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ವಿನಂತಿಯೂ ಇರುತ್ತದೆ. 1991ರಲ್ಲಿ ವಿಮ್ ಹೊರತಂದ ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್, ಹಣ ಕೊಡುವುದಿದ್ದರೆ ಆ ಮಕ್ಕಳಿಗೆ ಕೊಡಿ ಎಂದರು. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೇಚು. ವಿಮ್ ಓಡುವ ಟರ್ಮಿನಲ್ ಕಿಟಕಿ ಅಕ್ಷರಗಳನ್ನು ಒಂದೇ ಅಳತೆಯ ಖಾನೆಗಳಲ್ಲಿ ಕೂರಿಸುತ್ತದೆ. ನಮ್ಮ ಒತ್ತಕ್ಷರಗಳು ಆ ಖಾನೆಗಳಲ್ಲಿ ಸರಿಯಾಗಿ ಕೂರದೆ ಎಷ್ಟೋ ಕಡೆ ಚೆಲ್ಲಾಪಿಲ್ಲಿಯಾಗುತ್ತವೆ. ಕನ್ನಡ ಕೀಲಿಮಣೆ ಹಾಕಿಕೊಂಡೇ ಎಸ್ಕೇಪ್ ಒತ್ತಿ ಕೆಳಗಿಳಿಯಲು 'ಜೆ' ಕುಟ್ಟಿದರೆ ಹೋಗುವುದು ಕನ್ನಡದ ಅಕ್ಷರ. ವಿಮ್‌ಗೆ ಅಂಥ ಆಜ್ಞೆ ಗೊತ್ತಿಲ್ಲ. ಮಡಿಯ ಮಂತ್ರ ಇಂಗ್ಲಿಷಿನಲ್ಲೇ ಆಗಬೇಕು.

ಹುಡುಗನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೆ: "ಎಸ್ಕೇಪ್ ಒತ್ತು. ಆಮೇಲೆ ಕೋಲನ್, ಕ್ಯೂ, ಆಶ್ಚರ್ಯಸೂಚಕ, ಎಂಟರ್."

"ಆಶ್ಚರ್ಯಸೂಚಕ ಯಾಕೆ ಮಾವ?"

"ಬರೆದದ್ದು ಹೋದರೆ ಹೋಗಲಿ ಅನ್ನೋದಕ್ಕೆ. ಉಳೀಬೇಕಾದ್ರೆ ಕೋಲನ್ ಆದ್ಮೇಲೆ ಡಬ್ಲ್ಯೂ, ಕ್ಯೂ ಹೊಡಿ."

ನೀವೂ ಹೊಸಬರಾಗಿದ್ದರೆ ಯಾವ ಮಾವನನ್ನೂ ರಾತ್ರಿ ಎಬ್ಬಿಸಬೇಡಿ. ವಿಮ್ ಪೂರ್ತಿ ಹಾಕಿಕೊಂಡಿರುವ ಯಂತ್ರದ ಟರ್ಮಿನಲ್‌ನಲ್ಲಿ ವಿಮ್‌ಟ್ಯೂಟರ್ ಎಂದು ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಒತ್ತಿ. ಸುಮಾರು ಅರ್ಧ ಗಂಟೆಯ ಪಾಠ. ಚಂದ್ರನನ್ನು ದಾಟಿ ಹಾರುವ ಹಸುವಿನ ಬಗ್ಗೆ ಒಂದು ವಾಕ್ಯವಿದೆ, ಅದರಲ್ಲಿ ಹೆಚ್ಚಾಗಿ ಬಿದ್ದ ಅಕ್ಷರಗಳನ್ನು 'ಎಕ್ಸ್' ಒತ್ತಿ ತೆಗೆಯಬೇಕು. ಧೈರ್ಯವಾಗಿ ಕೆಡಿಸಿ, ಅದು ನಿಮಗೆಂದೇ ಮಾಡಿಕೊಟ್ಟ ನಕಲು. ಅಷ್ಟು ಹೊತ್ತು ಕೂರಲು ಪುರುಸೊತ್ತಿಲ್ಲವೇ, ಎರಡನೆಯ ಪಾಠದವರೆಗಾದರೂ ಓದಿ. ಹೊರಗೆ ಬರುವುದು ಹೇಗೆ ಎಂದು ಅಲ್ಲೇ ಹೇಳಿದ್ದಾರೆ.