ಆಡದ ಆಟಗಳ ಅಧಿಪತಿ

ಸಂಗ್ರಹವ್ಯಸನವೆಂಬುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಒಂದು ಜನ್ಮದಲ್ಲಿ ಓದಲಾರದಷ್ಟು ಗ್ರಂಥಗಳನ್ನು ಕೊಂಡು ಅಟ್ಟ ತುಂಬಿಸಿದ ಪಂಡಿತರನ್ನು ನಾವೆಲ್ಲ ಬಲ್ಲೆವು. ಆದರೆ ಗೆದ್ದಲು, ಧೂಳು, ಸ್ಥಳಾಭಾವಗಳೆಂಬ ಮೂವರು ಹಿತೈಷಿಗಳು ಆ ಪಂಡಿತರ ವ್ಯಸನಕ್ಕೆ ಕಾಲಕಾಲಕ್ಕೆ ಕಡಿವಾಣ ಹಾಕುತ್ತಿದ್ದರು. ಬೆಂಗಳೂರಿನ ಯಾವುದಾದರೊಂದು ಅಪಾರ್ಟ್‌ಮೆಂಟಿನಲ್ಲಿ ವಾಸವಾಗಿದ್ದು, ಹಗಲೆಲ್ಲ ಕಂಪನಿಯ ಕಂಪ್ಯೂಟರಿನ ಮುಂದೆ ದಣಿದು, ಆ ದಣಿವನ್ನು ನೀಗಿಕೊಳ್ಳಲೆಂದು ರಾತ್ರಿ ಸ್ವಂತ ಕಂಪ್ಯೂಟರಿನ ಮುಂದೆ ಆಸೀನರಾಗುವ ಈ ಮಹಾಶಯರಿಗಾದರೋ ಅಂತಹ ಹಿತೈಷಿಗಳೊಬ್ಬರೂ ಇಲ್ಲ. ಇವರು ಸಂಗ್ರಹಿಸುವುದು ವಿಡಿಯೋ ಗೇಮುಗಳನ್ನು. ಅವು ನೆಲೆಸಿರುವುದು ಸ್ಟೀಮ್ ಎಂಬ ಅಂತರ್ಜಾಲದ ಮಳಿಗೆಯ ಲೈಬ್ರರಿಯಲ್ಲಿ. ಅಲ್ಲಿ ನಾನೂರು ಗೇಮುಗಳು ಕೂಡಿಬಿದ್ದರೂ ಮನೆಯವರ ಕಾಲಿಗೆ ಒಂದೂ ತೊಡರುವುದಿಲ್ಲ.

ಹಾಗೆಂದು ಅವರನ್ನು ದುಂದುಗಾರರೆಂದು ಕರೆದರೆ ಘೋರ ಅನ್ಯಾಯವಾದೀತು. ಅವರು ಪೂರ್ಣ ಬೆಲೆ ತೆತ್ತು ಯಾವುದನ್ನೂ ಕೊಂಡವರಲ್ಲ. ೨೦೧೫ರಲ್ಲಿ ಆ ಮಳಿಗೆಯು ಡಾಲರನ್ನು ಬಿಟ್ಟು ನಮ್ಮ ರೂಪಾಯಿಯಲ್ಲಿ ಬೆಲೆ ನಮೂದಿಸತೊಡಗಿದ ಲಾಗಾಯ್ತು, ನಮ್ಮಲ್ಲಿ ಮುಂಗಾರು ಸುರಿಯುತ್ತಿರುವಾಗ ಬರುವ ಸಮ್ಮರ್ ಸೇಲನ್ನೂ, ಡಿಸೆಂಬರಿನ ವಿಂಟರ್ ಸೇಲನ್ನೂ ಅವರು ಪರ್ವಕಾಲಗಳಂತೆ ಆಚರಿಸುತ್ತ ಬಂದಿದ್ದಾರೆ. ಶೇಕಡ ಎಂಬತ್ತರ ರಿಯಾಯಿತಿಯನ್ನು ಕಂಡಾಗ ಅವರ ಗಣಿತದಲ್ಲಿ ವ್ಯಯವೆಂಬ ಪದಾರ್ಥವೇ ಅದೃಶ್ಯವಾಗಿ, ಉಳಿತಾಯವೊಂದೇ ಉಳಿಯುತ್ತದೆ. ಇನ್ನು ಗುರುವಾರ ರಾತ್ರಿ, ಆಸ್ತಿಕರು ರಾಯರ ಮಠದಿಂದ ಮಂತ್ರಾಕ್ಷತೆ ಪಡೆದು ಹಿಂದಿರುಗುವ ಹೊತ್ತಿಗೆ, ಎಪಿಕ್ ಎಂಬ ಇನ್ನೊಂದು ಮಳಿಗೆಯವರು ವಾರಕ್ಕೊಮ್ಮೆ ಉಚಿತವಾಗಿ ಹಂಚುವ ಗೇಮನ್ನು ಇವರು ಅಷ್ಟೇ ಶ್ರದ್ಧೆಯಿಂದ ಸ್ವೀಕರಿಸುತ್ತಾರೆ. ಅದು ಯಾವ ಗೇಮೆಂದು ವಿಚಾರಿಸುವುದು ಪ್ರಸಾದಕ್ಕೆ ಹೆಸರಿಟ್ಟಂತೆ ಎಂಬುದು ಅವರ ಭಾವನೆ.

ಇಂತಹವರಿಗೂ ವರ್ಷಕ್ಕೊಮ್ಮೆ, ಪ್ರಾಯಶಃ ಜನವರಿಯ ಮೊದಲ ವಾರದಲ್ಲಿ, ವೈರಾಗ್ಯವು ಉದಿಸುತ್ತದೆ. ಇದ್ದ ಬ್ಯಾಕ್‌ಲಾಗನ್ನು ಮುಗಿಸದೆ ಹೊಸದನ್ನು ಮುಟ್ಟೆನೆಂದು ಸಂಕಲ್ಪಿಸಿ, ಎಕ್ಸೆಲ್ಲಿನಲ್ಲಿ ಗೇಮಿನ ಹೆಸರು, ಜಾತಿ, ತಗಲುವ ಗಂಟೆ, ಆದ್ಯತೆ ಎಂಬ ಕಲಮುಗಳನ್ನೆಳೆದು, ಅವಕ್ಕೆ ಬಣ್ಣ ತುಂಬುವುದರಲ್ಲಿಯೇ ಸಂಕ್ರಾಂತಿ ಬಂದುಹೋಗುತ್ತದೆ. ಬಳಿಕ ‘ರೆಡ್ ಡೆಡ್ ರಿಡೆಂಪ್ಷನ್ ೨’ ಎಂಬುದನ್ನು ಆರಂಭಿಸೋಣವೆಂದರೆ ಅದು ನೂರೈವತ್ತು ಜಿಬಿ ಜಾಗ ಬೇಡುತ್ತದೆ. ಅದಕ್ಕೆ ಎಡೆಮಾಡಲು ಆಡದೆ ಉಳಿದ ಇನ್ನಾವುದನ್ನು ಅಳಿಸಬೇಕೆಂಬ ಧರ್ಮಸಂಕಟದಲ್ಲಿ ಒಂದು ರಾತ್ರಿ ಕಳೆಯುತ್ತದೆ. ಅದನ್ನು ಬಿಟ್ಟು ‘ಬಾಲ್ಡರ್ಸ್ ಗೇಟ್ ೩’ ತೆರೆದರೆ, ಮೊದಲು ತಮ್ಮ ಪಾತ್ರವನ್ನು ತಾವೇ ಸೃಷ್ಟಿಸಿಕೊಳ್ಳಬೇಕು. ಕುಲ, ಕಸುಬು, ಕೇಶ, ಕೊಂಬುಗಳನ್ನು ಆರಿಸಿ ಮುಖಕ್ಕೊಂದು ಲಕ್ಷಣ ತರುವಷ್ಟರಲ್ಲಿ ಗಂಟೆ ಹನ್ನೆರಡು ಹೊಡೆದು, ಆ ವೀರನು ಜಗತ್ತಿಗೆ ಕಾಲಿಡುವ ಮುನ್ನವೇ ಅವನ ಸೃಷ್ಟಿಕರ್ತರು ನಿದ್ರಾವಶರಾಗುತ್ತಾರೆ. ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದಲ್ಲಿ ಹಣ ಮರಳಿಸುವ ನಿಯಮವೊಂದು ಸ್ಟೀಮಿನಲ್ಲಿ ಉಂಟಷ್ಟೆ. ಇವರಿಗೆ ಅದು ಎಂದೂ ಒದಗಿದ್ದಿಲ್ಲ. ತೆರೆಯದ ಗೇಮುಗಳ ವಿಷಯದಲ್ಲಿ ದಿನ ಮೀರಿರುತ್ತದೆ, ತೆರೆದವುಗಳಲ್ಲಿ ಕೊಂಬಿಗೇ ಎರಡು ಗಂಟೆ ಸಂದಿರುತ್ತದೆ.

ಫೆಬ್ರವರಿಯ ಹೊತ್ತಿಗೆ ಸಂಕಲ್ಪವು ಸಡಿಲಗೊಂಡು, ಒಂದನ್ನು ಮುಗಿಸಿದರೆ ಒಂದನ್ನು ಕೊಳ್ಳಬಹುದೆಂಬ ತಿದ್ದುಪಡಿ ಜಾರಿಗೆ ಬರುತ್ತದೆ. ಇಲ್ಲಿ ಅವರ ಮೀಮಾಂಸಾಪಾಂಡಿತ್ಯವನ್ನು ನೋಡಬೇಕು. ಉಚಿತವಾಗಿ ಬಂದದ್ದು ದಾನವಾದ್ದರಿಂದ ಖರೀದಿಯ ಲೆಕ್ಕಕ್ಕೆ ಸೇರದು. ಹನ್ನೆರಡು ಗೇಮುಗಳ ಬಂಡಲು ಒಂದೇ ಬಿಲ್ಲಿನಲ್ಲಿ ಬಂದುದರಿಂದ ಒಂದೇ. ಹಳೆಯ ಗೇಮಿಗೆ ಕೊಳ್ಳುವ ಡಿಎಲ್‌ಸಿ ಎಂಬ ಅನುಬಂಧವು ಅಂಗಿಯಲ್ಲ, ಅಂಗಮಾತ್ರ. ಹೀಗೆ ಶಾಸ್ತ್ರವನ್ನು ನಿಷ್ಕರ್ಷಿಸಿಕೊಂಡು, ಮೂರು ಗಂಟೆಗಳಲ್ಲಿ ಮುಗಿಯುವ, ೨೦೦೭ರ ‘ಪೋರ್ಟಲ್’ ಎಂಬುದನ್ನು ಒಂದು ಭಾನುವಾರ ಆಡಿ ಮುಗಿಸಿ, ಆ ಪುಣ್ಯಬಲದಿಂದ, ಉಪಕಥೆಗಳನ್ನೂ ಸೇರಿಸಿದರೆ ನೂರು ಗಂಟೆ ಮೀರುವ ‘ವಿಚರ್ ೩’ ಅನ್ನು ಕೊಳ್ಳುತ್ತಾರೆ. ಕೋಷ್ಟಕದಲ್ಲಿ ಒಂದು ಹೋಗಿ ಒಂದು ಬಂದಿತು. ಸಂಖ್ಯೆ ಇದ್ದಷ್ಟೇ ಇದೆ. ವ್ರತಭಂಗವಾಯಿತೆಂದು ಯಾವ ಶಾಸ್ತ್ರಿಯೂ ಹೇಳಲಾರ.

“ಏನ್ರೀ, ಇಷ್ಟೊಂದು ಯಾವಾಗ ಆಡ್ತೀರಿ?” ಎಂದು ಮನೆಯಾಕೆ ಕೇಳಿದರೆ, “ರಿಟೈರಾದ ಮೇಲೆ ಪುರುಸೊತ್ತೇ ಪುರುಸೊತ್ತು ಕಣೇ, ಆಗಲೂ ಮಿಕ್ಕಿದ್ದು ಮಗನಿಗಿರಲಿ” ಎನ್ನುತ್ತಾರೆ. ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗದು, ಕೊಂಡದ್ದು ಸ್ವತ್ತಲ್ಲ, ಬಳಸುವ ಪರವಾನಗಿ ಮಾತ್ರ ಎಂದು ಸ್ಟೀಮಿನ ಕರಾರುಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೆ ಗೇಮುಗಳನ್ನೇ ತೆರೆಯದವರು ಕರಾರುಪತ್ರವನ್ನು ತೆರೆದಾರೆಯೆ? ಆ ಉತ್ತರಾಧಿಕಾರಿಯಾದರೋ ಪಕ್ಕದ ಕೋಣೆಯಲ್ಲಿ ಟ್ಯಾಬ್ ಹಿಡಿದು, ತನಗಿರುವ ಏಕಮಾತ್ರ ಗೇಮಾದ ‘ಮೈನ್‌ಕ್ರಾಫ್ಟ್’ನಲ್ಲಿ ಕೋಟೆಯ ಮೇಲೆ ಕೋಟೆ ಕಟ್ಟುತ್ತ, ಊಟಕ್ಕೆ ಕರೆದರೂ ಓಗೊಡದಷ್ಟು ಮಗ್ನನಾಗಿರುತ್ತಾನೆ. ಬಾಗಿಲಲ್ಲಿ ನಿಂತು ಅವನನ್ನು ನೋಡುವ ತಂದೆಯ ಕರುಳು ಕರಗುತ್ತದೆ. “ಪಾಪ, ಮಗುವಿನ ಹತ್ತಿರ ಒಂದೇ ಒಂದು ಗೇಮಿದೆ ನೋಡೇ” ಎಂದು ಮರುಗಿ, ಬರುವ ಸೇಲಿನಲ್ಲಿ ಅವನ ದಾರಿದ್ರ್ಯವನ್ನು ನೀಗಿಸಲೋಸುಗ, ಬಾಲಯೋಗ್ಯವಾದ ಮೂರು ಗೇಮುಗಳನ್ನು ಅಂದೇ ತಮ್ಮ ವಿಶ್‌ಲಿಸ್ಟಿಗೆ ಸೇರಿಸುತ್ತಾರೆ.