ಒಂಬತ್ತು ಇಂಚಿನೊಳಗಿನ ಮಾಮಾ

ಹೆಣ್ಣು ನೋಡುವವರು, ಎತ್ತು ನೋಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಆತ್ಮರಕ್ಷಣೆಗೆಂದು ಚಾಕು ನೋಡುತ್ತಲೇ ಇರುವವರು ಮಾತ್ರ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ನೆಂಟರಲ್ಲೇ ಜಾಸ್ತಿ ಎಂದು ನನ್ನ ಗುಮಾನಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಚಾಕುವಿನ ಮಾತು ಬಂದರೆ ಯೂಟ್ಯೂಬಿನ ಇಂಗ್ಲಿಷು. ಮೂರರಲ್ಲೂ ಅಂಗಡಿಯವನನ್ನು ಸುಸ್ತು ಮಾಡಿ ಬರಿಗೈಲಿ ಎದ್ದು ಬರುತ್ತಾರೆ.

ಈ ಪಂಗಡದ ಹಿರಿಯರು ಬೇರೆ ಯಾರೂ ಅಲ್ಲ, ಉಮರ್ಗಾದ ನನ್ನ ಸೋದರಮಾವ. ಮಡಚುವ ಚಾಕು ಅವರಿಗೆ ಆಗದು. ಹೆದರಿದ ಕೈಗೆ ಅದನ್ನು ಬಿಚ್ಚಲು ಬರುವುದಿಲ್ಲ, ಬಿಚ್ಚಿದರೂ ಕೀಲನ್ನು ನಂಬುವಂತಿಲ್ಲ. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ಪಟ್ಟಿಯಾಗಿ ಹೋಗಿರಬೇಕು. ಬೆವರಿದ ಕೈ ಮುಂದೆ ಜಾರದಂತೆ ನಡುವೆ ಅಡ್ಡ ಇರಬೇಕು. ಒರೆಯನ್ನು ತಲೆಕೆಳಗು ಹಿಡಿದು ಕೊಡವಿದರೂ ಚಾಕು ಬೀಳಬಾರದು. ಎಲ್ಲ ಸರಿ, ಇದನ್ನು ಊಟದ ಪಂಕ್ತಿಯಲ್ಲೇ ಏಕೆ ಹೇಳಬೇಕು? ಸ್ಟೇನ್‌ಲೆಸ್ಸಿಗೆ ತುಕ್ಕು ಬೇಗ ಹತ್ತದು, ಕಾರ್ಬನ್ ಉಕ್ಕು ಸಾಣೆಗೆ ಬೇಗ ಬಗ್ಗುತ್ತದೆ, ಆದರೆ ಎಣ್ಣೆ ಒರೆಸುತ್ತಿರಬೇಕು ಎಂದು ತೂಗಿ ಮುಗಿಸುವಷ್ಟರಲ್ಲಿ ನನ್ನ ಹೋಳಿಗೆ ಆರಿರುತ್ತದೆ.

ಕಾನೂನೂ ಬಾಯಿಪಾಠ. ಶಸ್ತ್ರಾಸ್ತ್ರ ನಿಯಮದಂತೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧ. ಅಡುಗೆಮನೆಯದ್ದು, ಹೊಲದ್ದು ಬಿಟ್ಟು. ಹಾಗಾಗಿ ಮಾಮಿಯ ಈಳಿಗೆ ಎಷ್ಟುದ್ದವಿದ್ದರೂ ನಿರಪರಾಧಿ. ಅಳತೆಯೊಳಗಿನದನ್ನೇ ತಂದರೂ ಹಬ್ಬ, ಚುನಾವಣೆ ಬಂದಾಗ ಜಿಲ್ಲಾಧಿಕಾರಿಗಳು ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಆದೇಶ ಹೊರಡಿಸುತ್ತಾರೆ. ಆಗ ಚಾಕು ಹಾಗಿರಲಿ, ಬಡಿಗೆ ಹಿಡಿದು ಓಡಾಡಿದರೂ ತಪ್ಪು. ಹಬ್ಬವೂ ಇಲ್ಲದ, ಚುನಾವಣೆಯೂ ಇಲ್ಲದ ಹದಿನೈದು ದಿನ ನಮ್ಮ ಕಡೆ ಯಾವಾಗ ಬಂದಿದೆ?

ಒಮ್ಮೆ ಉದಗೀರದ ರಸ್ತೆ ಬದಿ ಘಿಸಾಡಿಗಳೆಂಬ ಅಲೆಮಾರಿ ಕಮ್ಮಾರರು ಬೀಡು ಬಿಟ್ಟಿದ್ದರು. ಮಾಮಾ ಲಾರಿಯ ಹಳೇ ಕಮಾನುಪಟ್ಟಿಯ ತುಂಡೊಂದನ್ನು ಪೇಪರಿನಲ್ಲಿ ಸುತ್ತಿಕೊಂಡು, ನನ್ನನ್ನೂ ಎಳೆದುಕೊಂಡು ಹೋದರು. ಗಂಡ ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿದಿದ್ದ, ಹೆಂಡತಿ ದೊಡ್ಡ ಸುತ್ತಿಗೆ ಬೀಸುತ್ತಿದ್ದಳು. ಮಾಮಾ ಚಾಕುವಿನ ನಕ್ಷೆ ಬಿಚ್ಚಿದರು. ಆಕೆ ಸುತ್ತಿಗೆ ಇಳಿಸಿ ಮರಾಠಿಯಲ್ಲಿ ಒಂದೇ ಮಾತು ಕೇಳಿದಳು: ಇದರಿಂದ ಏನು ಕೊಯ್ಯಬೇಕು?

ಸುತ್ತ ಜನ. ಮಾಮಾ ನನ್ನ ಮುಖ ನೋಡಿದರು. "ಹಂಗೇ, ಇರ್ಲಿ ಅಂತ" ಎಂದರು.

ಇರಲಿ ಅಂದರೆ ಎಷ್ಟು ನೀರು ಕುಡಿಸುವುದು ಎಂದಳು ಆಕೆ. ಜಾಸ್ತಿ ಗಡುಸಾದರೆ ಸಿಡಿಯುತ್ತದೆ, ಕಡಿಮೆಯಾದರೆ ಬಾಯಿ ಮಡಚುತ್ತದೆ. ಕಟ್ಟಿಗೆಗೆ ಬೇರೆ, ಕಬ್ಬಿಗೆ ಬೇರೆ. ಇಷ್ಟು ವರ್ಷದ ಅಧ್ಯಯನದಲ್ಲಿ ಈ ಪ್ರಶ್ನೆ ಮಾಮಾನಿಗೆ ಎದುರಾಗಿರಲಿಲ್ಲ. ಬೆವರು ಒರೆಸಿಕೊಂಡು, "ಬದ್ನಿಕಾಯಿ" ಎಂದರು. ಸಂಜೆಯೊಳಗೆ ಬದನೆಕಾಯಿಗೆ ತಕ್ಕ ನೀರು ಕುಡಿದ ಚಾಕು ತಯಾರಾಯಿತು. ಅದನ್ನು ಮಾಮಿ ಇವತ್ತಿಗೂ ಹೊಗಳುತ್ತಾರೆ.

ತರಬೇತಿಯಂತೂ ನನ್ನ ಮೇಲೆಯೇ. ರಬ್ಬರಿನ ಚಾಕು, ಅದರ ಬಾಯಿಗೆ ಮಾಮಿಯ ಕುಂಕುಮ. ತಾಗಿದಲ್ಲಿ ಗುರುತು ಬೀಳಬೇಕಲ್ಲ. ನಾನು ಅಂಗಳದ ತುಂಬ ಓಡಿದ್ದಷ್ಟೇ, ಆದರೂ ಕೊನೆಗೆ ಮಾಮಾನ ಬನಿಯನ್ನಿನ ಮೇಲೇ ಹೆಚ್ಚು ಕೆಂಪಿತ್ತು. "ನೋಡು ತಮ್ಮಾ, ಓಡೋದೇ ಮೊದಲ್ನೇ ಪಾಠ" ಎಂದರು, ತಾವೇ ಕಲಿಸಿದವರಂತೆ.

ಸಿಟ್ಟು ಬಂದಾಗ ಯಾರ ಭಯ ನಿಮಗೆ ಎಂದು ಕೇಳಿಯೇಬಿಟ್ಟೆ. ಮಾಮಾ ಹೇಳಿದ್ದು 1948ರ ಮಾತು, ಅವರಿನ್ನೂ ಹುಟ್ಟಿರದ ಕಾಲದ್ದು. ನಿಜಾಮನ ಪರದ ರಜಾಕಾರ ಪಡೆಯ ಹೆದರಿಕೆಗೆ ಊರು ಬಿಟ್ಟು ಸೊಲ್ಲಾಪುರದ ಕಡೆ ಹೊರಟಾಗ ಅವರವ್ವ ಕೌದಿಯಲ್ಲಿ ಸುತ್ತಿಕೊಂಡದ್ದು ಬಂಗಾರವಲ್ಲ, ಕುಡಗೋಲು. ಆ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಮುಗಿಯಿತು, ಊರಿಗೆ ಮರಳಿದರು. ಕುಡಗೋಲು ಮಾತ್ರ ಅವ್ವನ ತಲೆದಿಂಬಿನಡಿಯಿಂದ ಕದಲಲಿಲ್ಲ. ಮಾಮಾ ಬೆಳೆದದ್ದು ಆ ದಿಂಬಿನ ಪಕ್ಕದಲ್ಲೇ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ, ಸಾಸ್ತೂರ ಕಡೆ ಭೂಮಿ ನಡುಗಿ ಕಲ್ಲುಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದವು. ಅವತ್ತು ಮಾಮಾ ಹಾರೆ ಹೊತ್ತು ಹೋದವರು, ವಾರಗಟ್ಟಲೆ ಮನೆಗೆ ಬರಲಿಲ್ಲವಂತೆ. ಇದನ್ನು ಹೇಳಿದವರು ಮಾಮಿ. ಯಾವ ಹಾರೆ, ಎಷ್ಟು ತೂಕ, ಯಾವ ಉಕ್ಕು ಎಂದು ಮಾಮಾ ಈವರೆಗೆ ಒಂದು ಮಾತೂ ಆಡಿಲ್ಲ.

ಚಾಕುವಿನ ಮಾತಾದರೆ ನಿಲ್ಲುವುದೇ ಇಲ್ಲ. ನಾನು ಮಡಿಕೇರಿಗೆ ಹೋಗುವ ಸುದ್ದಿ ಹೇಗೋ ಮುಟ್ಟಿದೆ. ನಿನ್ನೆ ರಾತ್ರಿ ಫೋನು: "ಕೊಡವರು ನಡಕ್ಕ ಪೀಚೆಕತ್ತಿ ಸಿಗಿಸ್ಕೋತಾರಲ್ಲ, ಅದರ ಅಲಗು ಎಷ್ಟ್ ಇಂಚು ಅದ, ಅಳದು ಹೇಳು. ತಗೋಬ್ಯಾಡ ಮತ್ತ, ನಾ ಇನ್ನಾ ನೋಡ್ಲತೀನಿ."