ಹಳೆಯ ವಿಡಿಯೋ ಗೇಮ್‌ಗಳ ಕಾಲಸಹಿಷ್ಣುತಾ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಹಳೆಯ ವಿಡಿಯೋ ಗೇಮ್‌ಗಳು ಇಂದಿಗೂ ಆಡಲು ಯೋಗ್ಯವೇ ಎಂಬ ಪ್ರಶ್ನೆಯನ್ನು ಆಧುನಿಕೋತ್ತರ, ರಾಚನಿಕೋತ್ತರ ಹಾಗೂ ಭೋಜನೋತ್ತರ ನೆಲೆಗಟ್ಟುಗಳಲ್ಲಿ ಸಮಸ್ಯೀಕರಿಸುವ ವಿನಮ್ರ ಪ್ರಯತ್ನವಾಗಿದೆ. ಆಡಿ ನೋಡಿದರೆ ವಸ್ತುನಿಷ್ಠತೆಗೆ ಧಕ್ಕೆ ಬರುವುದರಿಂದ ಈ ಕ್ಷೇತ್ರದ ವಿದ್ವಾಂಸರು ಯಾರೂ ಆಡುವುದಿಲ್ಲ. ಇನ್ನೊಬ್ಬರು ಆಡಿದ ವಿಡಿಯೋವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ‘ಜರಾ ಸೂಚ್ಯಂಕ’ವನ್ನು ಹತ್ತಕ್ಕೆ ಇಷ್ಟು ಎಂದು ನಿಗದಿಪಡಿಸುತ್ತಾರೆ. ಅಧ್ಯಯನದ ಅನುಕೂಲಕ್ಕಾಗಿ ಗೇಮ್‌ಗಳನ್ನು ಏಳು ವರ್ಗಗಳಾಗಿ ವಿಂಗಡಿಸಲಾಗಿದೆ.

ವರ್ಗ ಒಂದು: ಅಜರಾಮರ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ಟೆಟ್ರಿಸ್ ಬರೆದಾಗ, ಅವರ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು. ಇಲ್ಲದ ಗ್ರಾಫಿಕ್ಸ್ ಹಳತಾಗುವುದು ಹೇಗೆ? ಈ ಸ್ಥಿತಿಯನ್ನು ‘ಅಭಾವಜನ್ಯ ಚಿರಯೌವನ’ ಎಂದು ಪರಿಭಾವಿಸಲಾಗಿದೆ.

ವರ್ಗ ಎರಡು: ಜರಾಪೀಡಿತ. 1996ರ ಟೂಮ್ ರೈಡರ್‌ನಲ್ಲಿ ಲಾರಾ ಕ್ರಾಫ್ಟ್ ಒಂದು ಹಳ್ಳ ದಾಟಬೇಕಾದರೆ ಅಂಚಿನವರೆಗೆ ನಡೆದು, ಒಂದು ನೆಗೆತ ಹಿಂದಕ್ಕೆ ಬಂದು, ಓಡಿ ಹಾರಬೇಕು. ಅಷ್ಟರಲ್ಲಿ ಕ್ಯಾಮೆರಾ ಗೋಡೆಗೆ ಮುಖ ಮಾಡಿಕೊಂಡಿರುತ್ತದೆ. ಇದು ‘ದೃಷ್ಟಿಕೋನೀಯ ಬಿಕ್ಕಟ್ಟು’. ಸಾಮಾನ್ಯರು ಇದಕ್ಕೆ ಕಿರಿಕಿರಿ ಎನ್ನುತ್ತಾರೆ.

ವರ್ಗ ಮೂರು: ಉಭಯಸಂಕೀರ್ಣ ಜರಾಜರ. ಇಲ್ಲಿಗೆ 1985ರ ಸೂಪರ್ ಮಾರಿಯೋ ಬ್ರದರ್ಸ್ ಬರಬೇಕಿತ್ತು, ಆದರೆ ಪ್ರಬಂಧಕಾರರು ಅದನ್ನು ಆಡುತ್ತ ಕೂತಿದ್ದರಿಂದ ಉಳಿದ ವರ್ಗಗಳನ್ನು ಕೈಬಿಡಲಾಗಿದೆ.

ಇಡೀ ಮಾರಿಯೋ ಗೇಮ್ 40 ಕಿಲೋಬೈಟ್. ಈ ಪ್ರಬಂಧದ ಸಾರಾಂಶದ ಪಿಡಿಎಫ್ ಕೂಡ ಅದಕ್ಕಿಂತ ದೊಡ್ಡದು. ಜಾಗ ಸಾಲದೆ ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದಾರೆ. ಆದರೆ ಗುಂಡಿಯನ್ನು ಒತ್ತಿ ಹಿಡಿದಷ್ಟೂ ಮಾರಿಯೋ ಎತ್ತರಕ್ಕೆ ಹಾರುತ್ತಾನೆ, ಗಾಳಿಯಲ್ಲಿದ್ದಾಗಲೂ ಬೆರಳಿನ ಮಾತು ಕೇಳುತ್ತಾನೆ. ಗೇಮ್ ಬಾಳುವುದು ಈ ಹಿಡಿತದಿಂದ. ಹತ್ತಕ್ಕೆ ಅಂಕ ಕೊಡುವ ಮಹನೀಯರ ಸೂಚ್ಯಂಕದಲ್ಲಿ ಇದಕ್ಕೊಂದು ಕಾಲಂ ಇಲ್ಲ.

ಅಷ್ಟಕ್ಕೂ ಬಾಳಿಕೆಯ ಪರೀಕ್ಷೆ ಹಳೆಯದಕ್ಕೆ ಮಾತ್ರ ಯಾಕೆ? ಯೂಬಿಸಾಫ್ಟ್ 2014ರಲ್ಲಿ ‘ದಿ ಕ್ರೂ’ ಎಂಬ ಕಾರ್ ರೇಸ್ ಗೇಮ್ ಮಾರಿತು. ಒಬ್ಬರೇ ಆಡಲೂ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟವರ ಮನೆಯಲ್ಲಿ ಡಿಸ್ಕ್ ಇದೆ, ಆಟ ಸತ್ತಿದೆ. ಹತ್ತು ವರ್ಷವೂ ಬಾಳದ ಇದಕ್ಕೆ ಯಾವ ಸೂಚ್ಯಂಕ ಸ್ವಾಮೀ? ಇದು ಮುಪ್ಪಲ್ಲ, ಕೊಲೆ.

ಹಳೆಯವುಗಳ ಪಾಡೂ ನೆಟ್ಟಗಿಲ್ಲ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳ ಪೈಕಿ ಶೇ. 87ರಷ್ಟು ಅಲ್ಲಿನ ಮಾರುಕಟ್ಟೆಯಲ್ಲಿ ಈಗ ಸಿಗುವುದೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಕಣ್ಣಿಗೇ ಬೀಳದ್ದು ಚೆನ್ನಾಗಿದೆಯೋ ಇಲ್ಲವೋ ಎಂದು ಚರ್ಚಿಸುವುದಕ್ಕೆ ವಿಚಾರ ಸಂಕಿರಣ ಬೇರೆ!

ಓದುಗರಲ್ಲಿ ವಿನಂತಿ ಇಷ್ಟೇ: ಅಟ್ಟದ ಮೇಲೆ ಹಳೆಯ ಕಾರ್ಟ್ರಿಜ್, ಸಿಡಿ ಇದ್ದರೆ ಗುಜರಿಗೆ ಹಾಕಬೇಡಿ. ಮೊದಲು ಆಡಿ, ಅಂಕ ಆಮೇಲೆ ಕೊಡಿ.